ಫೌಕಿಯಾಗೆ ಶಾಬಾನ್‌ಗಿಂತ ಮುಂಚೆ ಸರದಿ ಇಲ್ಲ

ಸಣ್ಣ ವಿಮಾ ಕಂಪನಿಗಳ ಉಸ್ತುವಾರಿಯನ್ನು ಹಳೆ ಇಲಾಖೆಯಿಂದ ಕಿತ್ತು ಹೊಸ ಮಂಡಳಿಗೆ ಕೊಟ್ಟ ಸುದ್ದಿ ಒಂದು ಭಾನುವಾರ ಗೆಜೆಟ್ಟಿನಲ್ಲಿ ಬಂತು. ಇಲಾಖೆ ಇದ್ದದ್ದು ಕೈರೋದ ಹಳೆ ಪೇಟೆಯಲ್ಲಿ, ಬಾಬ್ ಅಲ್-ಲೂಕ್ ಮಾರುಕಟ್ಟೆಯ ಹಿಂದೆ. ಮಂಡಳಿ ಇರುವುದು ಮರಳುಗಾಡಿನ ನಡುವೆ ಹೊಸದಾಗಿ ಎದ್ದ ಊರಿನಲ್ಲಿ. ಬಸ್ಸಿನಲ್ಲಿ ಎರಡು ಗಂಟೆ ದಾರಿ.

ನಿಯಮಗಳು ಲಾರಿಯಲ್ಲಿ ಹೋದವು. ಸರ್ಕಾರದ ಹದ್ದಿನ ಮುದ್ರೆ ಬಿದ್ದ ಒಂದು ಕಾಗದವೂ ಇಲಾಖೆಯಲ್ಲಿ ಉಳಿಯಕೂಡದು ಎಂದು ಆದೇಶವಾಗಿತ್ತು. ಹಾಗಾಗಿ ಕಪಾಟು, ಮೇಜಿನ ಖಾನೆ, ಕಿಟಕಿಯ ಗೂಡು, ಎಲ್ಲೆಲ್ಲಿ ಹದ್ದು ಕಂಡಿತೋ ಅಲ್ಲಿಂದೆಲ್ಲ ಬಾಚಿ ಗೋಣಿಗೆ ತುಂಬಿದರು. ಮಂಡಳಿಯವರು ಗೋಣಿ ಬಿಚ್ಚಿ, ಕೈಗೆ ಸಿಕ್ಕ ಪ್ರತಿ ಕಾಗದಕ್ಕೂ ಹೊಸ ನಂಬರು ಕೊಟ್ಟು ಕಂಪನಿಗಳಿಗೆಲ್ಲ ಪಟ್ಟಿ ಕಳಿಸಿದರು. ಒಟ್ಟು ಒಂದು ಸಾವಿರದ ಇನ್ನೂರ ಮೂರು ನಿಯಮ. ಒಂದೊಂದನ್ನೂ ಪಾಲಿಸಿದ್ದೇವೆಂದು ಮುಂದಿನ ತಿಂಗಳ ಕೊನೆಯ ಗುರುವಾರದೊಳಗೆ ಬರೆದುಕೊಡಬೇಕು. ಇಲ್ಲದಿದ್ದರೆ ಪರವಾನಗಿ ರದ್ದು.

ಇಂಜಿ ಕೆಲಸ ಮಾಡುತ್ತಿದ್ದ ಕಂಪನಿ ರೊಟ್ಟಿ ಒಲೆಗಳಿಗೆ ವಿಮೆ ಕೊಡುತ್ತಿತ್ತು. ಹದಿನಾಲ್ಕು ಜನರ ಕಚೇರಿ. ಬೇಕರಿಗಳ ಒಲೆ ಸಿಡಿದರೆ, ಬಿರುಕು ಬಿಟ್ಟರೆ, ಚಿಮಣಿ ಪಕ್ಕದ ಮನೆಯ ಮೇಲೆ ಬಿದ್ದರೆ ಅವರು ಓಡಬೇಕು. ಇಂಜಿ ಅಲ್ಲಿ ನಿಯಮಪಾಲನಾ ಅಧಿಕಾರಿ. ಸರ್ಕಾರ ಏನು ಹೇಳಿದೆ, ಕಂಪನಿ ಏನು ಮಾಡಿದೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ ಸಹಿ ಹಾಕುವುದು ಅವಳ ಕೆಲಸ. ವಿಶ್ವವಿದ್ಯಾಲಯದಲ್ಲಿ ಇದನ್ನೇ ಓದಿದ್ದಳು.

ಗಂಡ ಹೈಸಮ್ ಹೋಗಿ ಐದು ತಿಂಗಳಾಗಿತ್ತು. ಬೆಳಗ್ಗೆ ಷೂ ಹಾಕಿಕೊಳ್ಳಲು ಕುಳಿತವನು ಏಳಲಿಲ್ಲ. ಶುಬ್ರಾದ ಬಾಡಿಗೆ ಮನೆಯಲ್ಲಿ ಅವಳೊಬ್ಬಳೇ ಉಳಿದಿದ್ದಳು. ಅಲ್ಲೇ ಇರಬೇಕೆಂಬುದನ್ನು ಬಿಟ್ಟರೆ ಅವಳಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ತಂತಾ ಊರಿನಿಂದ ಅತ್ತೆ ದಿನಾ ಫೋನು ಮಾಡುತ್ತಿದ್ದರು.

"ಯಾವಾಗ ಬರ್ತೀಯ ಮಗಳೇ? ಕೋಣೆ ಖಾಲಿ ಮಾಡ್ಸಿದೀನಿ."

"ಕೆಲಸ ಇದೆಯಲ್ಲ ಅಮ್ಮಾ."

"ಕೆಲಸ ಇರೋ ತನಕ ಇರು, ಬೇಡ ಅನ್ನಲ್ಲ. ಕೆಲಸ ಹೋದ ದಿನ ನಿನ್ನ ಮೈದುನ ಲಾರಿ ತರ್ತಾನೆ. ಒಂಟಿ ಹೆಂಗಸು, ಸಂಬಳ ಬೇರೆ ಇಲ್ಲ ಅಂದ್ರೆ ನಾನು ಹೇಗೆ ನಿದ್ದೆ ಮಾಡ್ಲಿ?"

ಅತ್ತೆ ಕೆಟ್ಟವರಲ್ಲ. ಮಾತು ಕೊಟ್ಟರೆ ತಪ್ಪುವವರೂ ಅಲ್ಲ. ಲಾರಿಯ ಮಾತಿಗೂ ಅದು ಅನ್ವಯಿಸುತ್ತಿತ್ತು.

ಹಾಗಾಗಿ ಇಂಜಿ ಪಟ್ಟಿ ಹಿಡಿದು ಕುಳಿತಳು. ಹಳೆ ನಂಬರು, ಹೊಸ ನಂಬರು, ಪಾಲಿಸಿದ್ದೇವೆ. ಹಳೆ ನಂಬರು, ಹೊಸ ನಂಬರು, ಪಾಲಿಸಿದ್ದೇವೆ. ಹೀಗೆ ಒಂಬತ್ತು ದಿನ. ಹತ್ತನೆಯ ದಿನ 1176 ಬಂತು. ಅದಕ್ಕೆ ಹಳೆ ನಂಬರೇ ಇರಲಿಲ್ಲ. ಕೈಬರಹ, ಇಲಾಖೆಯ ಕಾಗದ, ಕೆಳಗೆ ಹದ್ದು.

*ಒಂದು: ಸದಸ್ಯರು ಹತ್ತು ಜನ. ಹನ್ನೊಂದನೆಯವರು ಬೇಡ. ಎರಡು: ತಿಂಗಳ ಮೊದಲ ಭಾನುವಾರ, ಮಧ್ಯಾಹ್ನದ ನಮಾಜು ಆದ ಮೇಲೆ ಎಲ್ಲರೂ ಕಂತು ಕೊಡಬೇಕು. ಮೂರು: ಫೌಕಿಯಾಗೆ ಶಾಬಾನ್ ತಿಂಗಳಿಗಿಂತ ಮುಂಚೆ ಸರದಿ ಇಲ್ಲ. ಕಾರಣ ಅವಳಿಗೇ ಗೊತ್ತು. ನಾಲ್ಕು: ಸದಸ್ಯೆಯ ಗಂಡ ತೀರಿಕೊಂಡರೆ ಮುಂದಿನ ಸರದಿ ಅವಳದು. ಅವಳು ಬಾಯಿ ಬಿಟ್ಟು ಕೇಳುವ ತನಕ ಕಾಯಬಾರದು. ಐದು: ಅವಳ ಮುಂದೆ ಯಾರೂ ಅಳುಮೋರೆ ಮಾಡಬಾರದು. ಆರು: ಸರದಿ ಬಂದವರು ರವೆಯ ಸಿಹಿ ಬಸ್‌ಬೂಸಾ ತರಬೇಕು. ಅಂಗಡಿಯದಲ್ಲ.*

ಇಂಜಿ ಎರಡು ಸಲ ಓದಿದಳು. ಇದು ಹೆಂಗಸರ ಚೀಟಿ. ಕೈರೋದಲ್ಲಿ ಯಾವ ಕಚೇರಿಯಲ್ಲಿ ಹತ್ತು ಹೆಂಗಸರಿದ್ದರೂ ಅಲ್ಲಿ ಒಂದು ಚೀಟಿ ಇರುತ್ತದೆ, ಬಾಯಿಮಾತಿನಲ್ಲಿ. ಈ ಚೀಟಿಯ ಮೇಲೆ ಮಾತ್ರ ಯಾರೋ ಸರ್ಕಾರದ ಮುದ್ರೆ ಒತ್ತಿದ್ದರು. ಗೋಣಿ ತುಂಬಿದವರಿಗೆ ಹದ್ದು ಕಂಡಿದೆ, ಬಸ್‌ಬೂಸಾ ಕಂಡಿಲ್ಲ.

ಅವಳು ಕಾಗದವನ್ನು ವ್ಯವಸ್ಥಾಪಕ ಉಸ್ತಾದ್ ರಾಫತ್ ಅವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು.

"ಫೌಕಿಯಾ ಅಂದ್ರೆ ಯಾರು?"

"ಇಲಾಖೆಯ ಯಾರೋ ಇರ್ಬೇಕು ಉಸ್ತಾದ್. ಇದು ಅವರ ಚೀಟಿ. ತಪ್ಪಿ ಬಂದಿದೆ."

"ತಪ್ಪಿ ಬಂದಿದ್ರೆ ನಂಬರು ಕೊಡ್ತಿದ್ರಾ? ಕಾನೂನು ಕಾನೂನೇ ಮದಾಮ್ ಇಂಜಿ. ನಮ್ಮಲ್ಲಿ ಫೌಕಿಯಾ ಇದಾರಾ?"

"ಇಲ್ಲ."

"ನೇಮಿಸಿ."

ಅದೇ ಮಧ್ಯಾಹ್ನ ಕಚೇರಿ ಆದೇಶ ಹೊರಟಿತು. ಒಲೆ ತಪಾಸಣೆಯ ಶಹಾತಾ, ನೂರು ಕಿಲೋ ತೂಗುವ, ಮೀಸೆಗೆ ದಿನಾ ಎಣ್ಣೆ ಹಚ್ಚುವ ಗಂಡಸು, ಮುಂದಿನ ಆದೇಶದವರೆಗೆ ಫೌಕಿಯಾ.

"ನಾನೇ ಯಾಕೆ?" ಎಂದು ಶಹಾತಾ ಗುಡುಗಿದ.

"ನೀನು ಯಾವಾಗ್ಲೂ ಹೊರಗಡೆ ಇರ್ತೀಯ. ನಿನಗೆ ಜಾಸ್ತಿ ತೊಂದರೆ ಆಗಲ್ಲ," ಎಂದರು ರಾಫತ್.

"ಕಾರಣ ಅವಳಿಗೇ ಗೊತ್ತು ಅಂತ ಬರೆದಿದೆ. ನಂಗೇನೂ ಗೊತ್ತಿಲ್ವಲ್ಲ!"

"ಗೊತ್ತು ಅಂತ ಸಹಿ ಹಾಕು ಸಾಕು."

ಶಹಾತಾ ಸಹಿ ಹಾಕಿದ. ಸಂಜೆಯ ಹೊತ್ತಿಗೆ ಅವನಿಗೆ ನಿಜವಾಗಿಯೂ ಅವಮಾನವಾಗಿತ್ತು. ಮುಂದಿನ ವರ್ಷದ ತನಕ ತನ್ನ ಸರದಿ ತಡೆದವರು ಯಾರೆಂದು ಕಾರಿಡಾರಿನಲ್ಲಿ ಕೇಳುತ್ತಾ ಓಡಾಡುತ್ತಿದ್ದ.

ಹತ್ತು ಸದಸ್ಯರನ್ನು ಆರಿಸಿದರು. ಅದರಲ್ಲಿ ಇಂಜಿಯೂ ಒಬ್ಬಳು. ಮೊದಲ ಭಾನುವಾರ, ಅಲ್ಲಿ ಅದು ಕೆಲಸದ ದಿನ, ನಮಾಜಿನ ನಂತರ, ಎಲ್ಲರೂ ಕಂತು ಕೊಟ್ಟರು. ಮೊದಲ ಸರದಿಯನ್ನು ರಾಫತ್ ತಾವೇ ಎತ್ತಿಕೊಂಡರು. ಮೊದಲನೆಯದು ಯಾರಿಗೆಂದು ನಿಯಮದಲ್ಲಿ ಬರೆದಿಲ್ಲವಲ್ಲ ಎಂಬುದು ಅವರ ವಾದ. ಅವರ ಹೆಂಡತಿ ಮಾಡಿ ಕಳಿಸಿದ ಬಸ್‌ಬೂಸಾ ಹಲ್ಲಿಗೆ ಸವಾಲು ಹಾಕುವಷ್ಟು ಗಟ್ಟಿಯಾಗಿತ್ತು. ಎಲ್ಲರೂ ತಿಂದರು. ತಿಂದದ್ದನ್ನು ಇಂಜಿ ಕಡತದಲ್ಲಿ ಬರೆದಳು.

"ನಾಲ್ಕು ಮತ್ತು ಐದು?" ಎಂದು ಕೇಳಿದಳು.

ರಾಫತ್ ಚಮಚೆಯಿಂದ ತಟ್ಟೆ ಕೆರೆಯುತ್ತಿದ್ದರು. "ಅದು ನಮಗೆ ಬರಲ್ಲ. ನಮ್ಮಲ್ಲಿ ಅಂಥವರು ಯಾರಿದಾರೆ? ಅನ್ವಯಿಸುವುದಿಲ್ಲ ಅಂತ ಬರೀರಿ."

ಹೈಸಮ್‌ನ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ರಾಫತ್ ಕೂಡ ಇದ್ದರು. ನಲವತ್ತನೆಯ ದಿನದವರೆಗೆ ಕಚೇರಿಯಲ್ಲಿ ಎಲ್ಲರೂ ದನಿ ತಗ್ಗಿಸಿ ಮಾತಾಡಿದ್ದರು. ನಲವತ್ತೊಂದನೆಯ ದಿನ ರೇಡಿಯೋ ಹಾಕಿದರು. ಆಮೇಲೆ ಯಾರೂ ಆ ವಿಷಯ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಇಂಜಿ ಪೆನ್ನು ತೆಗೆದು, ಅನ್ವಯಿಸುವುದಿಲ್ಲ ಎಂದು ಬರೆದಳು. ಹಾಳೆ ತಿರುವಿದಳು.

ಕಡತ ಮೂರೇ ದಿನದಲ್ಲಿ ವಾಪಸ್ಸು ಬಂತು. *1176, ನಾಲ್ಕನೇ ಸಾಲು: ಸುಳ್ಳು ಮಾಹಿತಿ. ನಾಗರಿಕ ದಾಖಲೆಯ ಪ್ರಕಾರ ಕಂಪನಿಯ ಒಂಬತ್ತನೇ ನಂಬರಿನ ಉದ್ಯೋಗಿ ವಿಧವೆ. ಗುರುವಾರದೊಳಗೆ ಸರಿಪಡಿಸಿ.*

ಸೋಮವಾರ ಬೆಳಗ್ಗೆ ಅವಳು ಮರಳುಗಾಡಿನ ಬಸ್ಸು ಹತ್ತಿದಳು.

ಮಂಡಳಿಯ ಕಟ್ಟಡ ಎಷ್ಟು ಹೊಸದೆಂದರೆ ಬಾಗಿಲುಗಳ ಮೇಲಿನ ಪ್ಲಾಸ್ಟಿಕ್ಕನ್ನೂ ಇನ್ನೂ ಸುಲಿದಿರಲಿಲ್ಲ. ಮೂರನೇ ಮಹಡಿಯಲ್ಲಿ ಉಸ್ತಾದ್ ಬಾಸಿಲ್ ಎಂಬ ಯುವಕ ಕುಳಿತಿದ್ದ. ಮೇಜಿನ ಮೇಲೆ ಕಂಪ್ಯೂಟರು, ಒಂದು ಗ್ಲಾಸು ಚಹಾ, ಕಾಗದದಲ್ಲಿ ಸುತ್ತಿದ, ಬೇಯಿಸಿದ ಕಾಳಿನ ಫೂಲ್ ಸ್ಯಾಂಡ್‌ವಿಚ್ಚು. ಚಹಾಕ್ಕಾಗಿ ಅವನು ಪಕ್ಕದ ಕಟ್ಟಡಕ್ಕೆ ಹೋಗಿ ಬರಬೇಕಿತ್ತು ಎಂಬುದು ಅದು ಆರಿಹೋಗಿದ್ದ ರೀತಿಯಲ್ಲೇ ತಿಳಿಯುತ್ತಿತ್ತು.

"ಇದು ಹೆಂಗಸರ ಚೀಟಿ ಉಸ್ತಾದ್," ಎಂದಳು ಇಂಜಿ.

"ನಂಗೂ ಓದಕ್ಕೆ ಬರುತ್ತೆ ಮದಾಮ್. ನಮ್ಮಮ್ಮನೂ ಹಾಕ್ತಾರೆ ಇಂಥದ್ದು. ಆದ್ರೆ ನಮ್ಮಮ್ಮನ ಚೀಟೀಲಿ ಹದ್ದು ಇಲ್ಲ."

"ಹಾಗಾದ್ರೆ ಪಟ್ಟಿಯಿಂದ ತೆಗೀಬಹುದಲ್ಲ?"

"ನಾವು ಬರೀ ತಗೊಂಡವರು. ಹೊರಡಿಸಿದವರು ಮಾತ್ರ ರದ್ದು ಮಾಡ್ಬೇಕು. ಅವರು ಇಲಾಖೆ. ಇಲಾಖೆಗೆ ಈಗ ಅಧಿಕಾರ ಇಲ್ಲ, ಯಾಕೇಂದ್ರೆ ಅದನ್ನ ನಾವು ತಗೊಂಡಿದೀವಿ." ಅವನು ಸ್ಯಾಂಡ್‌ವಿಚ್ಚಿನ ಅರ್ಧ ಮುರಿದು ಅವಳ ಕಡೆ ತಳ್ಳಿದ. "ತಗೊಳ್ಳಿ, ಎರಡು ಗಂಟೆ ಬಸ್ಸಲ್ಲಿ ಬಂದಿದೀರ. ನೋಡಿ, ಬೇರೆಯವರಿಗೆ ಏನೂ ಕಷ್ಟ ಆಗಿಲ್ಲ. ಮೂವತ್ತೊಂದು ಕಂಪನಿ ಪೂರ್ತಿ ಪಾಲಿಸಿವೆ. ಒಂದು ಕಂಪನಿ ಅಂತೂ ಮೂರು ಫೌಕಿಯಾ ಇಟ್ಕೊಂಡಿದೆ. ಒಬ್ಬಳು ರಜೆ ಹಾಕಿದ್ರೆ ಇರ್ಲಿ ಅಂತ."

"ನಾಲ್ಕನೇ ಸಾಲಿಗೆ ಅವರೇನು ಮಾಡಿದ್ರು?"

"ಅವರಲ್ಲಿ ವಿಧವೆಯರಿಲ್ಲ. ಇದ್ದವರು ಸರದಿ ಕೊಟ್ಟಿದಾರೆ. ನಿಮ್ಮಲ್ಲಿ ಇದಾರೆ, ಕೊಟ್ಟಿಲ್ಲ." ಪರದೆ ನೋಡಿದ. "ಒಂಬತ್ತನೇ ನಂಬರು. ಆಯಮ್ಮನಿಗೆ ಸರದಿ ಕೊಡ್ಸಿ, ಹೊರಡಿಸಿದವರ ಹತ್ರ ಕೊಟ್ಟಿದ್ದು ನಿಜ ಅಂತ ಮುದ್ರೆ ಹಾಕಿಸ್ಕೊಂಡು ಬನ್ನಿ. ಗುರುವಾರ ಎರಡು ಗಂಟೆಗೆ ಕಿಟಕಿ ಮುಚ್ಚುತ್ತೆ. ಆಯಮ್ಮನಿಗೆ ಗೊತ್ತಾ ಇದು ತನ್ನ ಹಕ್ಕು ಅಂತ? ಹೇಳಿದೀರಾ?"

"ಹೇಳ್ತೀನಿ," ಎಂದಳು ಒಂಬತ್ತನೇ ನಂಬರು.

ಬುಧವಾರದ ತನಕ ಅವಳು ರಾಫತ್ ಅವರ ಬಾಗಿಲ ತನಕ ನಾಲ್ಕು ಸಲ ಹೋಗಿ ಬಂದಳು. ಒಳಗೆ ಹೋಗಿ ಹೇಳಬೇಕಾದದ್ದು ಒಂದೇ ವಾಕ್ಯ. ಆ ವಾಕ್ಯದಲ್ಲಿ ಒಂದೇ ಒಂದು ಶಬ್ದ ಕಷ್ಟದ್ದು. ಅದನ್ನು ಅವಳು ಇನ್ನೂ ಯಾರ ಮುಂದೆಯೂ ತನ್ನ ಬಾಯಲ್ಲಿ ಆಡಿರಲಿಲ್ಲ. ಐದನೆಯ ಸಲ ಹೋಗುವ ಬದಲು ಬಾಬ್ ಅಲ್-ಲೂಕ್‌ಗೆ ನಡೆದಳು. ಮೊದಲು ಮುದ್ರೆ ಸಿಗುತ್ತದೋ ನೋಡೋಣ, ಸರದಿಯ ಮಾತು ಆಮೇಲೆ, ಎಂದುಕೊಂಡಳು.

ಇಲಾಖೆಯಲ್ಲಿ ಕೆಲಸ ಹೋಗಿತ್ತು, ಕೆಲಸದವರು ಹೋಗಿರಲಿಲ್ಲ. ನಾಲ್ಕನೇ ಮಹಡಿಯ ದೊಡ್ಡ ಕೋಣೆಯಲ್ಲಿ ಖಾಲಿ ಕಪಾಟುಗಳ ನಡುವೆ ಹತ್ತು ಹೆಂಗಸರು ಸುತ್ತ ಕುಳಿತು, ಮೇಜಿನ ಮೇಲೆ ರಾಶಿ ಹಾಕಿದ ಮುಲೂಖಿಯಾ ಸೊಪ್ಪು ಬಿಡಿಸುತ್ತಿದ್ದರು. ನಡುವೆ ಕುಳಿತ ದಪ್ಪ ಹೆಂಗಸಿನ ಕೊರಳಲ್ಲಿ ಒಂದು ಬಟ್ಟೆಚೀಲ ತೂಗುತ್ತಿತ್ತು. ಮುದ್ರೆ ಕಾಯುವುದು ಹಾಜ್ಜಾ ಇನ್ಸಾಫ್ ಎಂದು ಕೆಳಗೆ ಬಾಗಿಲಲ್ಲಿ ಹೇಳಿದ್ದರು; ಇವರೇ ಇರಬೇಕೆಂದು ಇಂಜಿ ಊಹಿಸಿದಳು. ಅವರು ಅವಳ ಕಡತ ನೋಡಿದ್ದೇ ಕೈಯಲ್ಲಿದ್ದ ದಂಟು ಎಸೆದರು.

"ಬಂತು ನೋಡ್ರೇ, ಇನ್ನೊಂದು! ನಮ್ಮ ಚೀಟಿ ಹಿಡ್ಕೊಂಡು ಇನ್ನೊಬ್ಬಳು ಬಂದ್ಲು."

"ಇವಳೂ ನನ್ನನ್ನ ಬಾಡಿಗೆಗೆ ಕೇಳಕ್ಕೆ ಬಂದಿದಾಳಾ?" ಎಂದು ಮೂಲೆಯಿಂದ ತೆಳ್ಳನೆಯ ಹೆಂಗಸೊಬ್ಬಳು ಕೇಳಿದಳು.

"ನೀವು ಫೌಕಿಯಾ?"

"ನಾನೇ. ಇಡೀ ದೇಶಕ್ಕೇ ಗೊತ್ತಾಯ್ತಲ್ಲ ನನ್ನ ಮಾನ ಮರ್ಯಾದೆ! ಒಂದೇ ಸಲ, ಒಂದೇ ಒಂದು ಸಲ, ಸರದಿ ತಗೊಂಡ ಮೇಲೆ ಮೂರು ತಿಂಗಳು ಬೆನ್ನುನೋವು ಅಂತ ಮನೇಲಿದ್ದೆ. ಅದಕ್ಕೆ ಈ ಹಾಜ್ಜಾ ಮುದ್ರೆ ಒತ್ತಿಬಿಟ್ಲು. ಮೊನ್ನೆ ಒಂದು ದೊಡ್ಡ ಕಂಪನಿಯವರು ಬಂದು, ವಾರಕ್ಕೆರಡು ದಿನ ಬಂದು ಕೂತ್ಕೊಳ್ಳಿ ಅಂದ್ರು. ಊಟ ಕೊಡಲ್ವಂತೆ. ಹೋಗ್ರಯ್ಯ ಅಂದೆ."

"ಒತ್ತದೆ ಇನ್ನೇನು ಮಾಡ್ಲಿ?" ಎಂದರು ಹಾಜ್ಜಾ. "ಬಾಯಲ್ಲಿ ಹೇಳಿದ್ರೆ ನೀನು ಕೇಳ್ತಿದ್ಯಾ? ಹದ್ದು ನೋಡಿದ ಮೇಲೆ ತೆಪ್ಪಗಾದೆ." ಇಂಜಿಯ ಕಡೆ ತಿರುಗಿದರು. "ನಮ್ಮ ಗತಿ ಕೇಳು ಮಗಳೇ. ಹದಿನೇಳು ವರ್ಷದ ಚೀಟಿ. ಈಗ ಅದು ಮಂಡಳಿಯ ನಿಯಮ. ನಾವು ಹಾಕ್ಬೇಕು ಅಂದ್ರೆ ವಿಮಾ ಕಂಪನಿ ಆಗಿರ್ಬೇಕಂತೆ. ಎರಡು ತಿಂಗಳಿಂದ ನಿಂತುಹೋಗಿದೆ. ನೀವೆಲ್ಲ ಹಾಕ್ಕೊಂಡು ಬಸ್‌ಬೂಸಾ ತಿಂತಿದೀರ, ನಾವಿಲ್ಲಿ ಸೊಪ್ಪು ಬಿಡಿಸ್ತಿದೀವಿ."

"ಹಾಜ್ಜಾ, ಮುದ್ರೆ ಇನ್ನೂ ನಿಮ್ಮ ಹತ್ರ ಇದೆಯಾ?"

ಹಾಜ್ಜಾ ಚೀಲ ತಟ್ಟಿದರು. "ಕಾಗದ ಕೊಡಿ ಅಂದ್ರು, ಕೊಟ್ಟೆ. ಮುದ್ರೆ ಕೇಳಲಿಲ್ಲ. ಆದ್ರೆ ಒತ್ತಕ್ಕೆ ಅಧಿಕಾರ ಇಲ್ಲ. ಸಾವಿರದ ಇನ್ನೂರೆರಡು ನಿಯಮಾನೂ ಹೋಯ್ತಲ್ಲ."

"ಇನ್ನೂರ ಮೂರು," ಎಂದಳು ಇಂಜಿ, ಅಭ್ಯಾಸಬಲದಿಂದ.

"ಎರಡು. ಇದು ಇಲಾಖೇದಲ್ಲ, ನಮ್ದು. ಇಲಾಖೇದಲ್ಲದ್ದನ್ನ ಇಲಾಖೆ ಹೇಗೆ ಕೊಡುತ್ತೆ?" ಎಂದವರೇ ಹಾಜ್ಜಾ ನಿಂತರು. ತಾವು ಆಡಿದ ಮಾತು ತಮಗೇ ಹಿಡಿಸಿತು. "ಹಾಗಂದ್ರೆ ನಾನು ಇವತ್ತಿಗೂ ಒತ್ತಬಹುದಾದ ಕಾಗದ ಇದೊಂದೇ! ತಾ ಇಲ್ಲಿ. ಏನು ಅಂತ ಒತ್ಬೇಕು?"

"ನಾಲ್ಕನೇ ಸಾಲು ಪಾಲಿಸಿದೀವಿ ಅಂತ."

"ಪಾಲಿಸಿದೀರಾ?"

ಇಂಜಿ ಕಡತದ ದಾರವನ್ನು ಮತ್ತೆ ಕಟ್ಟತೊಡಗಿದಳು.

"ನೋಡು ಮಗಳೇ, ತಪ್ಪಿನ ಮೇಲೆ ಈ ಮುದ್ರೇನ ಬೇಕಾದಷ್ಟು ಸಲ ಒತ್ತಿದೀನಿ. ಸುಳ್ಳಿನ ಮೇಲೆ ಒತ್ತಿಲ್ಲ. ನಿಮ್ಮಲ್ಲಿ ಯಾರ ಗಂಡ ತೀರಿಕೊಂಡಿದ್ದು? ಅವಳಿಗೆ ಯಾಕೆ ಸರದಿ ಕೊಡಲಿಲ್ಲ? ಅವಳು ಬಾಯಿ ಬಿಟ್ಟು ಕೇಳಲಿಲ್ವಾ? ಕೇಳುವ ತನಕ ಕಾಯಬಾರದು ಅಂತ ಬರೆದಿದೀನಲ್ಲ, ಓದಕ್ಕೆ ಬರಲ್ವಾ ನಿಮಗೆ? ಎಲ್ಲಿ ಅವಳು?"

"ನಾನೇ," ಎಂದಳು ಇಂಜಿ. ಆಮೇಲೆ, ಪೂರ್ತಿ ಹೇಳದೆ ಸಹಿ ಆಗುವುದಿಲ್ಲ ಎಂಬಂತೆ, ಸೇರಿಸಿದಳು. "ನಾನು ವಿಧವೆ. ಆರು ತಿಂಗಳಾಯ್ತು."

ಸೊಪ್ಪು ಬಿಡಿಸುತ್ತಿದ್ದ ಹದಿನೆಂಟು ಕೈಗಳೂ ನಿಂತವು. ಕಿಟಕಿಯ ಬಳಿಯ ಹೆಂಗಸಿನ ಮುಖ ಕುಗ್ಗತೊಡಗಿತು. ಹಾಜ್ಜಾ ಬೆರಳೆತ್ತಿದರು.

"ಐದು!"

ಎಲ್ಲರೂ ಮುಖ ಸರಿ ಮಾಡಿಕೊಂಡರು. ಫೌಕಿಯಾಗೆ ಆಗಲಿಲ್ಲ. ಎದ್ದು ಹೋಗಿ ಖಾಲಿ ಕಪಾಟಿನೊಳಗೆ ತಲೆ ತೂರಿಸಿ, ಇಂಜಿಗೆ ಬೆನ್ನು ಹಾಕಿ ನಿಂತಳು. "ನಾನೇನೂ ಮಾಡ್ತಿಲ್ಲ," ಎಂದು ಕಪಾಟು ಮಾತಾಡಿತು. "ಕಡತ ಹುಡುಕ್ತಿದೀನಿ."

ಯಾರೋ ಇಂಜಿಯನ್ನು ಕುರ್ಚಿಗೆ ಕೂರಿಸಿದರು. ಇನ್ಯಾರೋ ಒಂದು ಹಿಡಿ ಸೊಪ್ಪು ಅವಳ ಮುಂದೆ ಹಾಕಿದರು. ಸುಮ್ಮನೆ ಕೂತಿರಬಾರದಲ್ಲ ಎಂದು ಅವಳು ಎಲೆ ಬಿಡಿಸತೊಡಗಿದಳು. ಮೊದಲ ಸರದಿ ಯಾರದೆಂದು ಕಡತದಲ್ಲಿ ಓದಿ, ಹಾಜ್ಜಾ ಅದರ ಮೇಲಿನ ನಂಬರಿಗೆ ಫೋನು ಮಾಡಿದರು. ದನಿ ಹೊರಗೆ ಕೇಳುವಂತೆ ಮೇಜಿನ ಮೇಲಿಟ್ಟರು.

"ಉಸ್ತಾದ್ ರಾಫತ್? ಮೊದಲ ಸರದಿ ಎತ್ತಿದವರು ನೀವೇನಾ? ಯಾವ ಮಗಳ ಮದುವೆ ಮಾಡಿದ್ರಿ?"

"ಯಾರು ಮಾತಾಡೋದು?"

"ಸಾವಿರದ ನೂರಾ ಎಪ್ಪತ್ತಾರು."

ಆ ಕಡೆ ಕುರ್ಚಿ ಸರಿದ ಸದ್ದು. ರಾಫತ್ ಎದ್ದು ನಿಂತರೆಂದು ಕಾಣುತ್ತದೆ. "ಅಪ್ಪಣೆ ಮದಾಮ್."

"ನಾಲ್ಕನೇ ಸಾಲು ಓದಿದೀರಾ?"

"ಓದಿದೀವಿ. ನಮ್ಮಲ್ಲಿ ಅಂಥವರು ಯಾರೂ..." ರಾಫತ್ ನಿಲ್ಲಿಸಿದರು. "ಅಯ್ಯೋ ದೇವರೇ," ಎಂದರು ಆಮೇಲೆ, ಸಣ್ಣ ದನಿಯಲ್ಲಿ. "ಇಂಜಿ. ಪೆಟ್ಟಿಗೆಗೆ ನಾನೇ ಹೆಗಲು ಕೊಟ್ಟಿದ್ದೆ. ಮರೆತೇಬಿಟ್ಟಿದ್ದೆನಲ್ಲ. ಅವಳು ಏನೂ ಅನ್ನಲೇ ಇಲ್ಲ..." ದನಿ ಒಡೆಯಿತು.

"ಐದು, ಉಸ್ತಾದ್, ಐದು! ಅವಳು ಇಲ್ಲೇ ಕೂತಿದಾಳೆ, ಕೇಳಿಸ್ತಿದೆ. ಮೂಗು ಒರೆಸ್ಕೊಂಡು, ಎತ್ತಿದ್ದನ್ನ ಅಷ್ಟೂ ಲಕೋಟೆಗೆ ಹಾಕಿ ಈಗ್ಲೇ ಇಲ್ಲಿಗೆ ಕಳ್ಸಿ."

ಮುಕ್ಕಾಲು ಗಂಟೆಯಲ್ಲಿ ಲಕೋಟೆ ಹಿಡಿದು ಶಹಾತಾ ಬಂದ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಇಂಜಿಯ ಕೈಗೆ ಲಕೋಟೆ ಕೊಟ್ಟ, ನೆಲ ನೋಡಿದ, ಮೀಸೆ ಮುಟ್ಟಿಕೊಂಡ.

"ಇವನು ಯಾರು?" ಎಂದರು ಹಾಜ್ಜಾ.

"ನಮ್ಮ ಫೌಕಿಯಾ," ಎಂದಳು ಇಂಜಿ.

ಕಪಾಟಿನಿಂದ ತಲೆ ಈಚೆ ಬಂತು. ಇಬ್ಬರು ಫೌಕಿಯಾರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು.

"ನಿಮ್ಮಿಂದಾಗಿ ನಂಗೆ ಶಾಬಾನ್ ತನಕ ಏನೂ ಇಲ್ಲ," ಎಂದ ಶಹಾತಾ ನೋವಿನಿಂದ. "ಕಾರಣ ಏನಂತಾದ್ರೂ ಹೇಳ್ರಮ್ಮ."

"ಬೆನ್ನುನೋವು," ಎಂದಳು ಫೌಕಿಯಾ.

ಶಹಾತಾ ಯೋಚಿಸಿ ತಲೆಯಾಡಿಸಿದ. ಅವನಿಗೂ ಬೆನ್ನುನೋವಿತ್ತು.

ಹಾಜ್ಜಾ ಮುದ್ರೆಯ ಮೇಲೆ ಉಸಿರು ಬಿಟ್ಟು, ಎದ್ದು ನಿಂತು, ಇಡೀ ಮೈಯ ಭಾರ ಹಾಕಿ ಒತ್ತಿದರು. ರೆಕ್ಕೆಯ ಒಂದೊಂದು ಗರಿಯೂ ಮೂಡಿತು.

ಗುರುವಾರ ಒಂದೂವರೆಗೆ ಇಂಜಿ ಬಾಸಿಲ್‌ನ ಕಿಟಕಿಯ ಮುಂದಿದ್ದಳು. ಅವನು ಮುದ್ರೆಯನ್ನು ಬೆಳಕಿಗೆ ಹಿಡಿದು ನೋಡಿ, ಮೆಚ್ಚಿ, ಯಂತ್ರಕ್ಕೆ ಒಂದೊಂದೇ ವಿವರ ಕೊಡತೊಡಗಿದ. ಒಂಬತ್ತನೇ ನಂಬರಿನ ಹೆಸರು ಬರೆಯುವಾಗ ಅವಳ ಗುರುತಿನ ಚೀಟಿ ನೋಡಿದ. ಮತ್ತೆ ಅವಳ ಮುಖ ನೋಡಿದ. ಕಿವಿ ಕೆಂಪಾಯಿತು. ಮುಖ ಬದಲಿಸದೆ ಪರದೆಗೆ ತಿರುಗಿದ. ಐದನೇ ಸಾಲು ಅವನಿಗೂ ಬಾಯಿಪಾಠವಾಗಿತ್ತು.

"ಒಂದು ಕಾಲಂ ಖಾಲಿ ಇದೆ ಮದಾಮ್," ಎಂದ ಕೊನೆಗೆ, ಪರದೆಯಿಂದ ಕಣ್ಣು ಕೀಳದೆ. "ಮುಕ್ತಾಯ ದಿನಾಂಕ."

"ಯಾವುದರದ್ದು?"

"ನಾಲ್ಕನೇ ಸಾಲಿನ... ಸ್ಥಿತಿಯದ್ದು. ಯಾವಾಗಿಂದ ಅಂತ ಹಾಕಿದೀರ. ಯಾವಾಗಿನ ತನಕ ಅಂತ ಹಾಕಿಲ್ಲ."

"ಅದು ಮುಗಿಯೋ ಅಂಥದ್ದಲ್ಲ ಉಸ್ತಾದ್."

"ಗೊತ್ತು. ನಂಗೆ ಗೊತ್ತು. ಯಂತ್ರಕ್ಕೆ ಗೊತ್ತಿಲ್ಲ. ಖಾಲಿ ಬಿಟ್ರೆ ಮುಂದಕ್ಕೇ ಹೋಗಲ್ಲ." ಗಡಿಯಾರ ನೋಡಿದ. ಎರಡಕ್ಕೆ ಹನ್ನೊಂದು ನಿಮಿಷ ಇತ್ತು. "ಭೂಕಂಪಕ್ಕೂ ಇದನ್ನೇ ಕೇಳುತ್ತೆ. ಎಲ್ಲರೂ ಜೂನ್ ಮೂವತ್ತು ಹಾಕ್ತಾರೆ. ಹಣಕಾಸು ವರ್ಷ ಮುಗಿಯೋ ದಿನ."

"ಆಮೇಲೆ?"

"ಆಮೇಲೆ ಕಂಪನಿ ಅರ್ಜಿ ಕೊಟ್ಟು ನವೀಕರಿಸ್ಬೇಕು."

ಇಂಜಿ ಹನ್ನೊಂದು ನಿಮಿಷಗಳಲ್ಲಿ ನಾಲ್ಕನ್ನು ಕಿಟಕಿಯ ಕಟ್ಟೆ ನೋಡುತ್ತಾ ಕಳೆದಳು. ಆಮೇಲೆ, "ಜೂನ್ ಮೂವತ್ತು," ಎಂದಳು. ಯಂತ್ರ ಒಪ್ಪಿಕೊಂಡಿತು. ಪ್ರಮಾಣಪತ್ರ ಬಿಸಿಬಿಸಿಯಾಗಿ ಹೊರಬಂತು.

ಬಸ್ ನಿಲ್ದಾಣದಲ್ಲಿ ನೆರಳಿರಲಿಲ್ಲ. ಅವಳು ಮೊದಲ ಸಲ ತಾನಾಗಿಯೇ ತಂತಾಕ್ಕೆ ಫೋನು ಮಾಡಿದಳು.

"ಅಮ್ಮಾ, ಕೆಲಸ ಉಳೀತು. ಲಾರಿ ಬೇಡ."

"ಗಟ್ಟೀನಾ? ಎಷ್ಟು ದಿನಕ್ಕೆ?"

"ಜೂನ್ ಮೂವತ್ತರ ತನಕ." ಅವಳು ಎಲ್ಲವನ್ನೂ ಹೇಳಿದಳು. ಆರು ತಿಂಗಳಲ್ಲಿ ಒಟ್ಟಾರೆ ಆಡಿದ್ದಕ್ಕಿಂತ ಹೆಚ್ಚು ಮಾತಾಡಿದಳು. ಮುದ್ರೆ, ಕಪಾಟು, ಯಂತ್ರದ ಕಾಲಂ. "ಆಮೇಲೆ ನನ್ನ ನವೀಕರಿಸ್ತಾರಂತೆ."

ಆ ಕಡೆ ಅತ್ತೆ ಟೀವಿ ಆರಿಸಿದ ಸದ್ದು ಕೇಳಿತು.

"ನಿನ್ನ ಮಾವ ಹೋಗಿ ಹತ್ತೊಂಬತ್ತು ವರ್ಷ ಆಯ್ತು," ಎಂದರು ಅತ್ತೆ. "ನವೀಕರಿಸ್ಬೇಕಾ ಅಂತ ಒಬ್ಬರೂ ಬಂದು ಕೇಳಿಲ್ಲ ನೋಡು."

ಅದರ ನಂತರ ಬಂದ ಸದ್ದು ನಗುವೋ ಇನ್ನೊಂದೋ, ಮರಳುಗಾಡಿನ ಗಾಳಿಯಲ್ಲಿ ಇಂಜಿಗೆ ತಿಳಿಯಲಿಲ್ಲ. ಅವಳೂ ಅದೇ ಸದ್ದು ಮಾಡುತ್ತಿದ್ದಳು. ಬಸ್ಸು ಬಂತು. ಫೋನನ್ನು ಕಿವಿಗೆ ಒತ್ತಿಕೊಂಡೇ ಹತ್ತಿ, ಶುಬ್ರಾಕ್ಕೆ ಒಂದು ಟಿಕೆಟ್ಟು ಕೇಳಿದಳು.